ಮುಂದಿನ ಪ್ರಶ್ನೆ

ಜೋಳದ ಪೀಪಾಯಿಯ ಮೇಲೆ ಕೂತಿದ್ದಾಳೆ ಋತುಜಾ,
ಮೂಗಿನ ತುದಿಗೆ ಅಜ್ಜಿ ಬಿಟ್ಟುಹೋದ ಕನ್ನಡಕ,
ತೊಡೆಯ ಮೇಲೆ ಗಣಿತದ ರಫ್ ವಹಿ.
"ಮೇ ಐ ಕಮಿನ್ ಅನಬೇಕು ಪಪ್ಪಾ. ಹೊರಗ ಹೋಗು."

ಇರುವುದೇ ಒಂದು ಖೋಲಿ.
ಹೊರಗೆ ಅಂದರೆ ಚಾಳಿನ ನಳ,
ನಳದ ಬಾಯಿಗೆ ಕೊಡ ಹಿಡಿದು ನಿಂತ ಶಿಂದೆ ಮಾವಶಿ.
ನನ್ನ ಮನೆಯ ಕದ ನಾನೇ ಬಡಿಯುವುದ ಕಂಡು
ಸೆರಗಿನೊಳಗೆ ಮರಾಠಿಯಲ್ಲಿ ನಗುತ್ತಾಳೆ.

ಕೂಡು ಅನ್ನುವ ತನಕ ಕೂಡಬಾರದಂತೆ. ನಿಂತೆ.
ನಿಲ್ಲುವುದೇನು ಹೊಸದಲ್ಲ,
ಪಿಂಪ್ರಿಯ ಶೆಡ್ಡಿನಲ್ಲಿ ಗ್ರೈಂಡಿಂಗ್ ಮಶೀನಿನ ಮುಂದೆ
ಹತ್ತೊಂಬತ್ತು ವರ್ಷ ನಿಂತವನು.

"ನಿಮ್ಮ ಬಗ್ಗೆ ಹೇಳಿ, ಮಿಸ್ಟರ್ ಹತ್ತರಕಿ."
ಹೆಸರು ಚನಮಲ್ಲಪ್ಪ, ತಾಲೂಕು ಇಂಡಿ,
ಮೆಟ್ರಿಕ್ ಪಾಸು, ಒಬ್ಬಳು ಮಗಳು...
"ಪಪ್ಪಾ, ಇದು ರೇಶನ್ ಕಾರ್ಡ್ ಅಲ್ಲ.
ನಿನಗೇನು ಬರ್ತದ, ಅದು ಹೇಳು."

ಏನು ಬರುತ್ತದೆ?
ಶಾಫ್ಟಿನ ಮೇಲೆ ಹೆಬ್ಬೆರಳು ಎಳೆದರೆ
ಕೂದಲಿನ ಹತ್ತನೇ ಪಾಲು ಉಬ್ಬಿದ್ದರೂ ತಿಳಿಯುತ್ತದೆ.
ಕಲ್ಲು ಸವೆದದ್ದು ಕಿವಿಗೆ ಮೊದಲು ಗೊತ್ತಾಗುತ್ತದೆ,
ನೆರೆಮನೆಯ ಒಗ್ಗರಣೆ ಸೀದದ್ದು
ನಿಮ್ಮವ್ವನ ಮೂಗಿಗೆ ಗೊತ್ತಾದ ಹಾಗೆ.
ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?
ಪೆನ್ನು ಕಚ್ಚಿ ಬಹಳ ಹೊತ್ತು ಕೂತು
ಬರೆದಳು: ಎಕ್ಸ್‌ಪೀರಿಯನ್ಸ್.
ಅಷ್ಟೇನಾ? ಒಂದೇ ಶಬ್ದವಾ?

ಆಕುರ್ಡಿಯ ಕಾಲೇಜಿನ ವರ್ಕ್‌ಶಾಪಿಗೆ ಅಸಿಸ್ಟಂಟ್ ಬೇಕಂತೆ.
ಹುಡುಗರಿಗೆ ಮಶೀನು ತೋರಿಸಬೇಕು,
ಅವರ ಬೆರಳು ಅವರ ಹತ್ತಿರವೇ ಇರುವಂತೆ ನೋಡಬೇಕು.
ಒಂದು ಜಾಗ, ನಲವತ್ತು ಅರ್ಜಿ
ಎಂದು ಅಲ್ಲಿಯ ಪ್ಯೂನ್ ಗಾಯಕವಾಡ ಕಿವಿಯಲ್ಲಿ ಹೇಳಿದ.
ಭಾವಮೈದುನನ ಮದುವೆಗೆ ಹೊಲಿಸಿದ ಅಂಗಿ;
ಹೊಟ್ಟೆಯ ಹತ್ತಿರದ ಗುಂಡಿ ಈಗ ಹಟಮಾರಿ.
ಅದನ್ನು ಅರ್ಧ ಬೆರಳು ಸರಿಸಿ ಹಚ್ಚುತ್ತಿದ್ದಾಳೆ ಮಹಾನಂದಾ,
ಹಲ್ಲಿನಲ್ಲಿ ದಾರ, ಹಾಗಾಗಿ ಮಾತಿಲ್ಲ.
ನಾನು ನಿಂಬೆ ಸಿಪ್ಪೆಯಿಂದ ಉಗುರು ತಿಕ್ಕುತ್ತೇನೆ.
ಕೆಲಸ ಹೋಗಿ ಎಂಟು ತಿಂಗಳು,
ಕಪ್ಪು ಹೋಗಿಲ್ಲ.

"ಮುಂದಿನ ಪ್ರಶ್ನೆ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ?"
ನಾನೆಲ್ಲಿ ಬಿಟ್ಟೆ? ಗೇಟಿಗೆ ಬೀಗ ಬಿತ್ತು.
"ಹಂಗ ಹೇಳಬ್ಯಾಡ. ಕಂಪನಿ ಬಂದಾತು ಅನ್ನು.
ಮಾರಿ ನಗತಿರಲಿ."
ನಕ್ಕೆ.
"ಇಷ್ಟು ಬ್ಯಾಡ."

"ನಿಮ್ಮ ದೌರ್ಬಲ್ಯ?"
ಮೊಣಕಾಲು, ಎಂದೆ. ಅದನ್ನು ಬರೆಯಲಿಲ್ಲ.

ಆಮೇಲೆ ಒಂದು ಹಾಳೆ ತಿರುವಿದಳು.
ಆ ಹಾಳೆಯಲ್ಲಿ ಏನೂ ಇರಲಿಲ್ಲ, ನನಗೆ ಕಾಣುತ್ತಿತ್ತು.
ಕನ್ನಡಕ ತೆಗೆದು ಹೇಳಿದಳು:
"ಮೊದಲ ಎರಡು ತಿಂಗಳು ದಿನಾ ಬುತ್ತಿ ತಗೊಂಡು
ಎಲ್ಲಿಗೆ ಹೋಗತಿದ್ದಿ, ಪಪ್ಪಾ?"

ಸೂಜಿ ನಿಂತಿತು.

ಚಿಂಚವಡ ಸ್ಟೇಶನ್ನಿಗೆ.
ಫ್ಲಾಟ್‌ಫಾರ್ಮಿನ ಕೊನೆಯ ಬೆಂಚು.
ಲೋಣಾವಳಾದ ಲೋಕಲ್ಲು ಎಣಿಸುತ್ತ ಕೂತು,
ಯಾವುದೋ ಕಾರಖಾನೆಯ ಭೋಂಗಾ ಕೂಗಿದಾಗ ಉಂಡು,
ಸಂಜೆ ಸೈಕಲ್ ಅಂಗಡಿಯಲ್ಲಿ ಚೈನಿನ ಗ್ರೀಸು ಕೇಳಿ
ಬೆರಳಿಗೆ ಸವರಿಕೊಂಡು
ಮನೆಗೆ.

"ಕಾರ್ಲಾ ಟ್ರಿಪ್ಪಿಗೆ ಹೋದಾಗ ಕಿಡಕಿಯಿಂದ ನೋಡಿದ್ದೆ.
ಕೈ ಮಾಡಲಿಲ್ಲ.
ಬಾಜೂಕ ಗೆಳತ್ಯಾರು ಇದ್ರು."

ಮಹಾನಂದಾ ದಾರ ಕಡಿದಳು.
"ಆ ಗ್ರೀಸಿನ ವಾಸನೀನ ಬ್ಯಾರೆ ಇತ್ತು" ಅಂದಳು,
ಅಂಗಿ ಝಾಡಿಸಿ ಗೂಟಕ್ಕೆ ಹಾಕಿದಳು.

ಯಾರೂ ಸ್ವಲ್ಪ ಹೊತ್ತು ಯಾರನ್ನೂ ನೋಡಲಿಲ್ಲ.
ಋತುಜಾ ಕನ್ನಡಕ ಏರಿಸಿಕೊಂಡಳು, ಮೂಗು ಒರೆಸಿದಳು.
"ಇದನ್ನ ಅವರು ಕೇಳಂಗಿಲ್ಲ.
ಮತ್ತ ಹೊರಗ ಹೋಗು. ಮೊದಲಿಂದ ಮಾಡೂಣು."

ಹೊರಗೆ ಶಿಂದೆ ಮಾವಶಿಯ ಕೊಡ ಇನ್ನೂ ತುಂಬಿರಲಿಲ್ಲ.
ನಳ ದಾರದಷ್ಟು ಸಣ್ಣಗೆ ಸುರಿಯುತ್ತಿತ್ತು.
ನಿಂಬೆಯ ಕಂಪು ಹತ್ತಿದ ಬೆರಳಿನ ಗಿಣ್ಣು ಎತ್ತಿ,
ಎಷ್ಟು ಜೋರು, ಎಷ್ಟು ಮೆಲ್ಲಗೆ ಎಂದು
ಕೂದಲಿನ ಹತ್ತನೇ ಪಾಲಿನ ತನಕ ಅಳೆದು ನೋಡಿ
ಕದ ಬಡಿದೆ.